ಟಬ್ಬಿನ ಮಾತು ಆಮ್ಯಾಲೆ, ಮೊದ್ಲ ನಳ ಎಲ್ಲೆ ಹೇಳ್ರಿ

ನಮ್ಮ ಧಾರವಾಡದಾಗ ಈಗ ಯಾರ ಮನಿ ರಿಪೇರಿ ನಡದ್ರೂ ಮೊದ್ಲ ಒಡಿಯೋದು ಬಚ್ಚಲಾ. ಒಡೀಲಿ, ಬ್ಯಾಡ ಅನ್ನೂದಿಲ್ಲ. ಮೂವತ್ತು ವರ್ಷದ ಪೈಪು ತುಕ್ಕು ಹಿಡದಿರತಾವ, ಫರಸಿ ಸಂದ್ಯಾಗ ಪಾಚಿ ಕಟ್ಟಿರತದ. ಆದ್ರ ಒಡದ ಮ್ಯಾಲೆ ಎಲ್ಲಾರೂ ಓಡೋದು ಟೈಲ್ಸ್ ಅಂಗಡಿಗೆ. ಬಣ್ಣ ಆರಿಸಲಿಕ್ಕೆ ಎಂಟು ದಿನ ಬೇಕು, ನಳ ಎಲ್ಲೆ ಬರಬೇಕು ಅಂತ ವಿಚಾರ ಮಾಡಲಿಕ್ಕೆ ಎಂಟು ನಿಮಿಷ ಇಲ್ಲ. ಅದನ್ನ ಪ್ಲಂಬರ್ ನೋಡ್ಕೋತಾನ ಅಂತ ಬಿಟ್ಟುಬಿಡತಾರ.

ನನ್ನ ತಕರಾರು ಇದ. ನಳದ ಜಾಗಾ ಠರಾಯಿಸಬೇಕಾದವ ಪ್ಲಂಬರ್ ಅಲ್ಲ, ಅಂಗಡಿಯವನೂ ಅಲ್ಲ. ಆ ಬಚ್ಚಲದಾಗ ದಿನಾ ಜಳಕಾ ಮಾಡೋರು ಠರಾಯಿಸಬೇಕು. ಅವರೊಳಗೂ ಮನ್ಯಾಗ ಎಲ್ಲಾರಕಿಂತ ವಯಸ್ಸಾದವರ ಮಾತು ಮೊದ್ಲ ನಡೀಬೇಕು.

ಟಬ್ಬಿನ ಮಾತು ಮೊದ್ಲ ಮುಗಿಸಿಬಿಡತೀನಿ. ನಮ್ಮನ್ಯಾಗೂ ಅದರ ಹುಕಿ ಬಂದಿತ್ತು, ನಮ್ಮನಿಯವ್ರಿಗೆ. ಪೆನ್ನು ಹಾಳಿ ತಗೊಂಡು ಲೆಕ್ಕಾ ಮಾಡಿ ತೋರಿಸಿದೆ. ಸಾಧಾರಣ ಟಬ್ಬಿನ್ಯಾಗ ಮೈ ಮುಳುಗೂವಷ್ಟು ನೀರು ಅಂದ್ರ 150 ಲೀಟರ್ ಹಿಡೀರಿ. ನಮ್ಮ ದೊಡ್ಡ ಬಕೀಟಿಗೆ 20 ಲೀಟರ್ ಹಿಡೀತದ. ಒಬ್ಬರ ಜಳಕಕ್ಕ ಏಳೂವರಿ ಬಕೀಟು ಆತು. ಇನ್ನ ಕಾಸೋದು. 25 ಲೀಟರಿನ ಗೀಝರ್‌ನ್ಯಾಗ 60 ಡಿಗ್ರಿ ಕಾದ ನೀರಿಗೆ 25 ಡಿಗ್ರಿ ತಣ್ಣೀರು ಬೆರಸಿ, ಮೈಗೆ ಹಿತ ಆಗೋ 40 ಡಿಗ್ರಿಗೆ ತಂದ್ರ ಸಿಗೋದು ಸುಮಾರು 58 ಲೀಟರ್. ಅಂದ್ರ ಟಬ್ಬು ತುಂಬಲಿಕ್ಕೆ ಮೂರು ಸಲ ಕಾಸಬೇಕು. 2 ಕಿಲೋವ್ಯಾಟಿನ ಗೀಝರ್‌ಗೆ ಒಂದು ಸಲಕ್ಕ ಅರ್ಧಾ ತಾಸು. ಮೂರನೇ ಸಲದ ನೀರು ಬರೂದ್ರಾಗ ಮೊದಲನೇ ಸಲದ್ದು ಆರಿ ತಣ್ಣಗಾಗಿರತದ.

ನೀರಾದ್ರೂ ಎಲ್ಲೀದು? ಹುಬ್ಬಳ್ಳಿ-ಧಾರವಾಡದ ಕೆಲವು ವಾರ್ಡಿಗೆ 2008ರಾಗ 24 ತಾಸಿನ ನೀರು ಬಂತು, ಖರೇ. ಉಳದ ಎಷ್ಟೋ ಓಣಿಯವ್ರು ಇನ್ನೂ ದಿನಾ ಎಣಿಸಿಕೋತ ನಳಕ್ಕ ಕಾಯತಾರ. ಸವದತ್ತಿ ಕಡೆಯಿಂದ ಪಂಪು ಹಚ್ಚಿ ತಂದ ಮಲಪ್ರಭಾ ನೀರನ್ನ ಒಬ್ಬರೇ ಅರ್ಧಾ ತಾಸು ಮಲಗಿ ಎದ್ದು ಮೋರಿಗೆ ಬಿಡೋದು ಯಾವ ನ್ಯಾಯ?

ಲೆಕ್ಕಕ್ಕಿಂತ ದೊಡ್ಡ ಮಾತು ಇನ್ನೊಂದದ. ಟಬ್ಬಿನ ಅಂಚು ನೆಲದಿಂದ ಹೆಚ್ಚೂಕಮ್ಮಿ 20 ಇಂಚು ಇರತದ. ನಮ್ಮ ಅತ್ತಿಗೆ 74 ವರ್ಷ, ಎರಡೂ ಮೊಣಕಾಲು ನೋವು. ಅವರು ಒಂದು ಕಾಲಿನ ಮ್ಯಾಲೆ ನಿಂತು ಒದ್ದಿ ಅಂಚು ದಾಟಬೇಕು, ಜಳಕಾ ಆದ ಮ್ಯಾಲೆ ಸಾಬಾಣದ ಕಾಲಿಲೇ ತಿರುಗಿ ದಾಟಬೇಕು. ವಯಸ್ಸಾದವ್ರು ಬಿದ್ದು ತ್ವಾಡಿ ಎಲುವು ಮುರಕೊಂಡ್ರ ಆಮ್ಯಾಲೆ ಹಾಸಿಗಿ ಬಿಟ್ಟು ಏಳೋದು ಎಷ್ಟು ಕಷ್ಟ ಅಂತ ನಿಮ್ಮ ಓಣ್ಯಾಗೂ ನೋಡಿರತೀರಿ. ದೀಪಾವಳಿ ದಿನ ಮಣಿ ಮ್ಯಾಲೆ ಕೂಡಿಸಿ, ನೆತ್ತಿಗೆ ಎಣ್ಣಿ ಒತ್ತಿ, ಆರತಿ ಮಾಡಿ ಎರಿಯೋದು ಟಬ್ಬಿನ್ಯಾಗ ಹೆಂಗ? ಎಣ್ಣಿ ಬಿದ್ದ ಟಬ್ಬಿನ್ಯಾಗ ಹುಡುಗ್ರ ಕಾಲೂ ನಿಲ್ಲೂದಿಲ್ಲ.

ನೀರಿಗೆ ಕೊರತಿಲ್ಲ, ಕಾಲಿಗೆ ಶಕ್ತಿ ಅದ, ಟಬ್ಬು ಬೇಕೇ ಬೇಕು ಅನ್ನೋರು ಇದ್ರ ಹಾಕಸ್ಕೋರಿ. ಆದ್ರ ನಳಾ ತಲಿ ಕಡೆ ಇಡಸಬ್ಯಾಡ್ರಿ, ಒರಗಿದ ಕೂಡ್ಲೆ ಕಬ್ಬಿಣ ಚುಚ್ಚತದ. ಉದ್ದನ ಬಾಜೂದ ನಡುವ ಇಡಸ್ರಿ, ಹೊರಗ ನಿಂತೇ ತಿರುವಲಿಕ್ಕೆ ಬರಬೇಕು.

ಈಗ ನಮ್ಮಂಥವರ ಬಕೀಟಿನ ನಳಕ್ಕ ಬರೋಣ. 20 ಲೀಟರಿನ ಬಕೀಟು ಸುಮಾರು 14–15 ಇಂಚು ಎತ್ತರ ಇರತದ. ನಳದ ಬಾಯಿ ನೆಲದಿಂದ 22–24 ಇಂಚಿಗೆ ಇದ್ರ ಬಕೀಟು ಸರಳ ಒಳಗ ಹೋಗತದ, ನೀರೂ ಸಿಡಿಯೂದಿಲ್ಲ. ಗೌಂಡಿ ಅಳತಿ ಹಿಡಿಯೋದು ಹಸೀ ನೆಲದಿಂದ. ಆಮ್ಯಾಲೆ ಇಳಿಜಾರು ಮಾಡಿ ಟೈಲ್ಸ್ ಹಾಕಿದ್ರ ನೆಲ ಎರಡು ಮೂರು ಇಂಚು ಏರತದ, ನಳ ಅಷ್ಟು ಕೆಳಗ ಬಂದಂಗ. ಮುಗಿದ ನೆಲದಿಂದ ಅಳೀಬೇಕು ಅಂತ ನೀವ ಹೇಳಬೇಕು. ನಳದ ಮೂತಿ ಗ್ವಾಡಿಯಿಂದ ಆರು ಇಂಚರೆ ಮುಂದ ಬರಬೇಕು. ಗಿಡ್ಡ ಮೂತಿ ಇದ್ರ ಬಕೀಟಿನ ಅಂಚಿಗೇ ನೀರು ಬೀಳತದ. ಬಕೀಟು ಮೋರಿ ಜಾಳಗಿ ಮ್ಯಾಲೆ ಕೂಡಂಗಿಲ್ಲ, ನೀರು ಹೋಗೂ ದಾರಿ ಕಟ್ಟತದ.

ಶಾವರಿನ ಕಥಿ ಇನ್ನೂ ಚಂದ. ಅದನ್ನ ತಿರುವೋ ಹಿಡಿಕಿ ಸರಿಯಾಗಿ ಶಾವರಿನ ಕೆಳಗ ಇಡತಾರ. ಪೈಪಿನ್ಯಾಗ ನಿಂತ ತಣ್ಣೀರು ಮೊದ್ಲ ನೆತ್ತಿ ಮ್ಯಾಲೇ ಬೀಳಬೇಕು. ಹಿಡಿಕೀನ ಬಾಗಲದ ಕಡೆ ಬಾಜೂ ಗ್ವಾಡಿಗೆ ಇಟ್ರ ಹೊರಗ ನಿಂತು ತಿರುವಿ, ಕೈ ಹಿಡದು ನೋಡಿ ಒಳಗ ಹೋಗಬಹುದು. ಯಾರೂ ಇದನ್ನ ತಾವಾಗಿ ಹೇಳೂದಿಲ್ಲ. ಕೇಳಿದ್ರ ಪ್ಲಂಬರ್ ಅಂತಾನ, “ಅಕ್ಕಾರ, ಎಲ್ಲಾರೂ ಹಿಂಗ ಮಾಡಸ್ತಾರ್ರಿ.” ಎಲ್ಲಾರೂ ಮಾಡಸ್ತಾರ, ಯಾಕಂದ್ರ ಎಲ್ಲಾರಿಗೂ ಅವನ ಹಂಗ ಹೇಳ್ಯಾನ!

ಹಳೇ ಬಚ್ಚಲಾನ ಹೊಗಳಲಿಕ್ಕೆ ನಾ ಇದನ್ನೆಲ್ಲಾ ಬರೀಲಿಕತ್ತಿಲ್ಲ. ಹಂಡೆ ಒಲಿ ಮುಂದ ಹೊಗಿ ಕುಡದು ಕಣ್ಣು ಕೆಂಪು ಮಾಡಕೊಂಡವ್ರು ಹೆಣ್ಣಮಕ್ಕಳ. ಆದ್ರ ಆ ಬಚ್ಚಲದಾಗ ಒಂದು ಬುದ್ಧಿ ಇತ್ತು. ಮಣಿ ಮ್ಯಾಲೆ ಕೂತವರ ಬಲಗೈ ಬಾಜೂಕ ನೀರು ಇರತಿತ್ತು, ಚರಗಿ ಅದ್ದಿದ್ರ ಆತು. ಏಳೂದಿಲ್ಲ, ಬಗ್ಗೂದಿಲ್ಲ, ತುಂಬಿದ ಬಕೀಟು ಎಳ್ಯೂದಿಲ್ಲ. ಆ ಬುದ್ಧಿ ಹೊಸಾ ಬಚ್ಚಲದಾಗೂ ಉಳಸ್ಕೋಬಹುದು, ಅದಕ್ಕ ಹೆಚ್ಚಿನ ರೊಕ್ಕಾ ಬೇಕಾಗೂದಿಲ್ಲ.

ಗ್ವಾಡಿ ಕೊರಿಯೂಕಿಂತ ಮೊದ್ಲ, ಬಚ್ಚಲಾ ಒಣಗಿರೂವಾಗ, ಅರಿವಿ ಮ್ಯಾಲೇ ನಿಮ್ಮ ಅವ್ವನ್ನೋ ಅತ್ತೀನ್ನೋ ಅಲ್ಲೆ ಸ್ಟೂಲ್ ಮ್ಯಾಲೆ ಕೂಡಸ್ರಿ. ಬಾಜೂಕ ಖಾಲಿ ಬಕೀಟು ಇಡ್ರಿ. ಕೈ ಚಾಚರಿ ಅನ್ರಿ. ಕೈ ಮುಟ್ಟಿದಲ್ಲೆ ಖಡುಲೇ ಗುರುತು ಹಾಕ್ರಿ, ಅಲ್ಲೆ ನಳ. ಏಳ್ರಿ ಅನ್ರಿ. ಏಳೂವಾಗ ಕೈ ಎಲ್ಲೆ ಆಸರ ಹುಡುಕತದ ನೋಡ್ರಿ, ಅಲ್ಲೆ ಹಿಡಕೊಳ್ಳೋ ಸ್ಟೀಲಿನ ಸರಳು. ಇಲ್ಲಾಂದ್ರ ಅವರು ನಳಾನ ಹಿಡದು ಏಳತಾರ, ಒಂದಿನ ಅದು ಕಿತ್ತು ಕೈಗೆ ಬರತದ. ಈ ಕೆಲಸಕ್ಕ ಹತ್ತು ನಿಮಿಷ ಸಾಕು, ಖರ್ಚು ಒಂದು ಖಡು. ಟೈಲ್ಸ್ ಕೂತ ಮ್ಯಾಲೆ ಅದ ನಳಾನ ಒಂದು ಫೂಟು ಸರಸಬೇಕಂದ್ರ ಗ್ವಾಡಿ ಒಡೀಬೇಕು, ಅದ ಬಣ್ಣದ ಟೈಲ್ಸ್ ತಿರುಗಿ ಅಂಗಡ್ಯಾಗ ಸಿಗೂದಿಲ್ಲ.

ಮನಿಗೆ ಬಂದವ್ರು ಟೈಲ್ಸ್ ನೋಡಿ ಭಾಳ ಛಲೋ ಆಗೇದ ಅಂತಾರ, ಚಹಾ ಕುಡದು ಹೋಗತಾರ. ಆ ನಳದ ಕೂಡ ದಿನಾ ಮುಂಜಾನೆ ಗುದ್ದಾಡೋರು ಮನಿಯವ್ರು. ಅವರನ್ನ ಕೇಳದ ಕಟ್ಟಿದ ಬಚ್ಚಲಾ ಎಷ್ಟು ಲಕ್ಷದ್ದಾದ್ರೂ ನನ್ನ ಲೆಕ್ಕದಾಗ ಅರ್ಧಾ ಕಟ್ಟಿದ್ದ.