ಶಬ್ದವಿಚಾರ: ಬಾಯ್ಕಾಟ್

ಅಂಗಡಿಯನ್ನು ಬಾಯ್ಕಾಟ್ ಮಾಡಿದರು, ಸಭೆಯನ್ನು ಬಾಯ್ಕಾಟ್ ಮಾಡಿದರು ಎಂದು ನಾವು ಆಗಾಗ ಕೇಳುವೆವಷ್ಟೆ. ಈ ಇಂಗ್ಲಿಷ್ ಕ್ರಿಯಾಪದವು ಮೂಲದಲ್ಲಿ ಒಬ್ಬ ಮನುಷ್ಯನ ಹೆಸರೆಂಬುದನ್ನು ಹಲವರು ಅರಿಯರು.

ಚಾರ್ಲ್ಸ್ ಬಾಯ್ಕಾಟನು ಐರ್ಲೆಂಡಿನ ಮೇಯೊ ಪ್ರಾಂತದಲ್ಲಿ ಅರ್ನ್ ಪ್ರಭುವಿನ ಜಮೀನುಗಳಿಗೆ ಪಾರುಪತ್ಯಗಾರನಾಗಿದ್ದನು. 1880ರಲ್ಲಿ, ಬೆಳೆ ಕೆಟ್ಟು ಬಡವಾಗಿದ್ದ ಒಕ್ಕಲುಗಳು ಗೇಣಿಯನ್ನು ನೂರಕ್ಕೆ 25ರಂತೆ ಇಳಿಸಬೇಕೆಂದು ಬೇಡಿದರು. ಪ್ರಭುವು 10ಕ್ಕೆ ಮೇಲೆ ಒಪ್ಪಲಿಲ್ಲ. ಬಾಯ್ಕಾಟನು ಒಕ್ಕಲೆಬ್ಬಿಸುವ ನೋಟೀಸುಗಳನ್ನು ಹೊರಡಿಸಿದನು. ಅದೇ ಸೆಪ್ಟೆಂಬರಿನಲ್ಲಿ ಜನನಾಯಕ ಪಾರ್ನೆಲನು ಎನ್ನಿಸ್ ಊರಿನ ಸಭೆಯಲ್ಲಿ, ಒಕ್ಕಲೆಬ್ಬಿಸಿದವನ ಹೊಲವನ್ನು ಹಿಡಿಯುವವನನ್ನು ಕೊಲ್ಲಬೇಡಿರಿ, ದೂರವಿಡಿರಿ ಎಂದು ಬೋಧಿಸಿದನು. ಊರವರು ಆ ಉಪಾಯವನ್ನು ಪಾರುಪತ್ಯಗಾರನ ಮೇಲೆಯೇ ಪ್ರಯೋಗಿಸಿದರು. ಆಳುಗಳು ಹೊರಟುಹೋದರು, ಅಂಗಡಿಯವರು ಸಾಮಾನು ಕೊಡಲೊಲ್ಲರು. ಸುಮಾರು 500 ಪೌಂಡಿನ ಬೆಳೆಯನ್ನು ತೆಗೆಯಲು ಹೊರಗಿನಿಂದ 50 ಮಂದಿ ಬಂದರು. ಅವರ ಕಾವಲಿಗೆ ಸಾವಿರದಷ್ಟು ಸಿಪಾಯಿಗಳೂ ಪೋಲೀಸರೂ ಬೇಕಾದರು. ವೆಚ್ಚವು 10,000 ಪೌಂಡೆಂದು ಅಂದಾಜು. ಡಿಸೆಂಬರಿನಲ್ಲಿ ಆತನು ಐರ್ಲೆಂಡನ್ನು ಬಿಟ್ಟನು. ಹೆಸರು ಕ್ರಿಯಾಪದವಾಗಿ ಉಳಿಯಿತು.

1905ರಲ್ಲಿ ವಂಗಭಂಗವಾದಾಗ, ಸ್ವದೇಶೀ ಚಳುವಳಿಯೊಡನೆ ಈ ಶಬ್ದವು ನಮ್ಮ ದೇಶದಲ್ಲಿಯೂ ಹರಡಿತು. ಕನ್ನಡದಲ್ಲಿ ಇದನ್ನು ಬಹಿಷ್ಕಾರವೆನ್ನುವೆವು. ಆದರೆ ಆ ಶಬ್ದಕ್ಕೆ ಜಾತಿಯಿಂದ ಹೊರಗೆ ಹಾಕುವುದೆಂಬ ಹಳೆಯ ಅರ್ಥವೂ ಉಂಟು. ಮೇಯೊದಲ್ಲಿ ಬಡವರು ಕೂಡಿ ಬಲಶಾಲಿಯನ್ನು ತಡೆದರು. ಜಾತಿಯ ಬಹಿಷ್ಕಾರದಲ್ಲಿ ಬಲವುಳ್ಳ ಗುಂಪು ಒಂಟಿ ಸಂಸಾರಕ್ಕೆ ನೀರು ಬೆಂಕಿಗಳನ್ನು ನಿಲ್ಲಿಸುವುದು. ಶಬ್ದವು ಒಂದೇ ಆದರೂ ಇವೆರಡನ್ನು ಒಂದೇ ತಕ್ಕಡಿಯಲ್ಲಿ ತೂಗಲಾಗದು. ಯಾರು, ಯಾರ ಮೇಲೆ, ಏತಕ್ಕೆ ಎಂದು ವಾಚಕರು ಮೊದಲು ವಿಚಾರಿಸಬೇಕು.