‘ಇನ್ನೊಂದ್ಸಲ ಒತ್ತು ಮಗಾ...’

ಕಳೆದ ಸೆಮಿಸ್ಟರ್‌ನಲ್ಲಿ ನಮ್ಮ ಕ್ಲಾಸಿನ ಸೆಮಿನಾರ್ ಮೂರು ದಿನ ನಡೆಯುವುದಿತ್ತು. 60 ಮಂದಿ, ದಿನಕ್ಕೆ 20. ಯಾರು ಯಾವ ದಿನ ಎಂಬುದನ್ನು ನೀವೇ ತೀರ್ಮಾನಿಸಿ ಪಟ್ಟಿ ಕೊಡಿ ಎಂದು ಮೇಷ್ಟ್ರು ಹೇಳಿ ಹೋದರು. ಮೊದಲ ದಿನ ಯಾರಿಗೂ ಬೇಡ, ಕೊನೆಯ ದಿನ ಎಲ್ಲರಿಗೂ ಬೇಕು. ಜಗಳ ಬೇಡವೆಂದು ನಮ್ಮ ಸಿ.ಆರ್. 60 ಹೆಸರುಗಳನ್ನೂ ಆನ್‌ಲೈನ್ ಟೂಲ್ ಒಂದಕ್ಕೆ ಹಾಕಿ, ಪ್ರೊಜೆಕ್ಟರ್‌ನಲ್ಲಿ ಎಲ್ಲರಿಗೂ ಕಾಣುವಂತೆ ‘ಶಫಲ್’ ಬಟನ್ ಒತ್ತಿದ.

ನನ್ನ ಹೆಸರು ನಾಲ್ಕನೆಯದಾಗಿ ಬಂತು. ಅಂದರೆ ಮೊದಲ ದಿನ, ಬೆಳಿಗ್ಗೆಯೇ. ಮೇಲಿನ ಸಾಲಿನಲ್ಲಿ ಸಿಕ್ಕಿಬಿದ್ದವರೆಲ್ಲ ಒಟ್ಟಿಗೇ ಕೂಗಿದೆವು: ‘ಇದು ಟ್ರಯಲ್! ಇನ್ನೊಂದ್ಸಲ ಒತ್ತು ಮಗಾ!’ ಅವನು ನಕ್ಕು ಮತ್ತೆ ಒತ್ತಿದ. ಈ ಸಲ ನನಗೆ 47. ಮೂರನೇ ದಿನ! ಸಿ.ಆರ್.ಗೂ ಮೂರನೇ ದಿನವೇ ಬಂದಿತ್ತು. ‘ಇದೇ ಫೈನಲ್’ ಎಂದುಬಿಟ್ಟ.

ಮೊದಲ ಪಟ್ಟಿಯಲ್ಲಿ ಮೂರನೇ ದಿನವಿದ್ದ ನಮ್ಮ ಗೆಳತಿಯೊಬ್ಬಳು ಎರಡನೇ ಪಟ್ಟಿಯಲ್ಲಿ ಮೊದಲ ದಿನಕ್ಕೆ ಬಿದ್ದಿದ್ದಳು. ಅದೇ ದಿನ, ಅದೇ ಹೊತ್ತಿಗೆ ಅವಳಿಗೆ ಇಂಟರ್ನ್‌ಶಿಪ್‌ಗಾಗಿ ಕಂಪನಿಯೊಂದರ ಆನ್‌ಲೈನ್ ಟೆಸ್ಟ್ ಇತ್ತು. ಅದಲುಬದಲು ಮಾಡಿಕೊಳ್ಳಿ ಎಂದು ಹಲವರನ್ನು ಕೇಳಿದಳು. ನನ್ನನ್ನೂ ಕೇಳಿದಳು. ‘ರ‍್ಯಾಂಡಮ್ ಆಗಿ ಬಂದಿರೋದು ಕಣೇ, ಈಗ ಬದಲಾಯಿಸಿದರೆ ಸರಿಯಿರಲ್ಲ’ ಎಂದೆ. ಹಾಗೆಂದವನು ಹತ್ತು ನಿಮಿಷದ ಹಿಂದೆ ‘ಇನ್ನೊಂದ್ಸಲ ಒತ್ತು’ ಎಂದು ಕೂಗಿದವನೇ. ಅವಳು ಟೆಸ್ಟ್ ಬಿಟ್ಟು ಸೆಮಿನಾರ್ ಕೊಟ್ಟಳು.

ನಾವು ಮಾಡಿದ್ದು ಮೋಸವೇ? ಟೂಲ್ ಸರಿಯಾಗಿಯೇ ಇತ್ತಲ್ಲ? ಈ ಪ್ರಶ್ನೆ ತಲೆಗೆ ಹೊಕ್ಕ ಮೇಲೆ ಒಂದಿಷ್ಟು ಓದಿದೆ. ಓದುತ್ತಾ ಹೋದಂತೆ ಇದು ನಮ್ಮ ಕ್ಲಾಸ್‌ರೂಮಿನ ವಿಷಯವಷ್ಟೇ ಅಲ್ಲ ಎನಿಸಿತು. ಶಾಲಾ ಸೀಟು, ವೀಸಾ, ಮತ ಎಣಿಕೆ ಎಲ್ಲದರ ಹಿಂದೆಯೂ ಇಂಥದ್ದೇ ಒಂದು ‘ಶಫಲ್’ ಇದೆ.

ಮೊದಲು ಯಂತ್ರದ ವಿಷಯ. ಪಟ್ಟಿಯನ್ನು ಸರಿಯಾಗಿ ಕಲಸುವ ವಿಧಾನಕ್ಕೆ ‘ಫಿಶರ್–ಯೇಟ್ಸ್ ಶಫಲ್’ ಎನ್ನುತ್ತಾರೆ. ರೊನಾಲ್ಡ್ ಫಿಶರ್ ಮತ್ತು ಫ್ರಾಂಕ್ ಯೇಟ್ಸ್ ಎಂಬ ಸಂಖ್ಯಾಶಾಸ್ತ್ರಜ್ಞರು 1938ರಲ್ಲಿ ಕಾಗದ–ಪೆನ್ಸಿಲಿನಲ್ಲಿ ಮಾಡಲು ಕೊಟ್ಟ ವಿಧಾನವದು. 1964ರಲ್ಲಿ ರಿಚರ್ಡ್ ಡರ್ಸ್ಟೆನ್‌ಫೆಲ್ಡ್ ಅದನ್ನು ಕಂಪ್ಯೂಟರಿಗೆ ಒಗ್ಗಿಸಿದರು. ತತ್ವ ನಮ್ಮ ಚೀಟಿ ಎತ್ತುವುದರದ್ದೇ. 60 ಹೆಸರಲ್ಲಿ ಒಂದನ್ನು ಎತ್ತಿ ಪಕ್ಕಕ್ಕಿಡು. ಉಳಿದ 59ರಲ್ಲಿ ಒಂದು, ಆಮೇಲೆ 58ರಲ್ಲಿ ಒಂದು. ಎತ್ತಿಟ್ಟದ್ದನ್ನು ಮತ್ತೆ ಡಬ್ಬಿಗೆ ಹಾಕಬಾರದು. ಹೀಗೆ ಮಾಡಿದರೆ ಸಾಧ್ಯವಿರುವ ಪ್ರತಿ ಕ್ರಮಕ್ಕೂ ಸಮಾನ ಅವಕಾಶ. 60 ಹೆಸರುಗಳನ್ನು ಜೋಡಿಸುವ ಬಗೆಗಳ ಸಂಖ್ಯೆ ಬರೆದರೆ 82 ಅಂಕಿಗಳಾಗುತ್ತವೆ.

ಸುಲಭವಾಗಿ ಕಾಣುವ ಇದನ್ನು ತಪ್ಪಾಗಿ ಬರೆಯುವುದೂ ಅಷ್ಟೇ ಸುಲಭ. ‘ಪ್ರತಿ ಹೆಸರನ್ನೂ ಪಟ್ಟಿಯ ಯಾವುದಾದರೂ ಒಂದು ಸ್ಥಾನದ ಜೊತೆ ಅದಲುಬದಲು ಮಾಡು’ ಎಂದು ಕೋಡ್ ಬರೆದರೆ ನೋಡುವುದಕ್ಕೆ ಸರಿಯೆನಿಸುತ್ತದೆ. ಮೂರು ಹೆಸರು ಇಟ್ಟುಕೊಂಡು ಲೆಕ್ಕ ಹಾಕಿ. ಮೂರು ಸಲ, ಪ್ರತಿ ಸಲ ಮೂರು ಆಯ್ಕೆ. ಒಟ್ಟು 27 ದಾರಿ. ಆದರೆ ಮೂರು ಹೆಸರಿಗೆ ಇರುವ ಕ್ರಮಗಳು ಆರೇ. 27ನ್ನು ಆರರಿಂದ ಸಮನಾಗಿ ಭಾಗಿಸಲಾಗದು. ಹಾಗಾಗಿ ಮೂರು ಕ್ರಮಗಳು ಐದೈದು ದಾರಿಯಿಂದ, ಉಳಿದ ಮೂರು ನಾಲ್ಕು ನಾಲ್ಕು ದಾರಿಯಿಂದ ಬರುತ್ತವೆ. ಯಾರಿಗೂ ದುರುದ್ದೇಶವಿಲ್ಲ, ಆದರೂ ಪಕ್ಷಪಾತ.

ಇಂಥ ತಪ್ಪು ದೊಡ್ಡವರಿಂದಲೂ ಆಗಿದೆ. 2010ರಲ್ಲಿ ಐರೋಪ್ಯ ಒಕ್ಕೂಟದ ಒತ್ತಾಯಕ್ಕೆ ಮಣಿದು ಮೈಕ್ರೊಸಾಫ್ಟ್ ಕಂಪನಿಯು ಬಳಕೆದಾರರಿಗೆ ಬ್ರೌಸರ್‌ಗಳನ್ನು ರ‍್ಯಾಂಡಮ್ ಕ್ರಮದಲ್ಲಿ ತೋರಿಸಬೇಕಾಯಿತು. ಕಲಸುವ ಕೋಡ್ ತಪ್ಪಾಗಿತ್ತು. ಅದರ ಸ್ವಂತ ಬ್ರೌಸರ್ ಕೊನೆಯ ಸ್ಥಾನಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಸಲ ಬೀಳುತ್ತಿತ್ತು! ತನಗೇ ನಷ್ಟವಾಗುವ ತಪ್ಪನ್ನು ಯಾರೂ ಬೇಕೆಂದು ಮಾಡುವುದಿಲ್ಲ. ಹೊರಗಿನವರು ಎತ್ತಿ ತೋರಿಸಿದ ಮೇಲೆ ಸರಿಪಡಿಸಲಾಯಿತು. 2011ರ ಮೇ ತಿಂಗಳಲ್ಲಿ ಅಮೆರಿಕದ ಗ್ರೀನ್ ಕಾರ್ಡ್ ಲಾಟರಿಯ ಫಲಿತಾಂಶವನ್ನೇ ರದ್ದು ಮಾಡಬೇಕಾಯಿತು. ಅರ್ಜಿಗೆ ಸುಮಾರು ಒಂದು ತಿಂಗಳು ಕಾಲಾವಕಾಶವಿದ್ದರೂ, ಆಯ್ಕೆಯಾದವರಲ್ಲಿ ಶೇ 90ರಷ್ಟು ಮಂದಿ ಮೊದಲ ಎರಡೇ ದಿನಗಳಲ್ಲಿ ಅರ್ಜಿ ಹಾಕಿದವರಾಗಿದ್ದರು. ಕಾರಣ ಪ್ರೋಗ್ರಾಂನ ದೋಷ. ‘ನಿಮಗೆ ಬಂದಿದೆ’ ಎಂದು ಓದಿ ಖುಷಿಪಟ್ಟ ಸಾವಿರಾರು ಜನರಿಗೆ ಆಮೇಲೆ ‘ಇಲ್ಲ’ ಎನ್ನಲಾಯಿತು.

ಹಾಗೆಂದು ಕಾಗದದ ಚೀಟಿಯೇ ಮೇಲು ಎನ್ನುವಂತಿಲ್ಲ. 1969ರ ಡಿಸೆಂಬರ್ 1ರಂದು, ವಿಯೆಟ್ನಾಂ ಯುದ್ಧಕ್ಕೆ ಯುವಕರನ್ನು ಕರೆಯಲು ಅಮೆರಿಕ 366 ಜನ್ಮದಿನಗಳ ಚೀಟಿ ಎತ್ತಿತು. ಚೀಟಿಗಳ ಡಬ್ಬಿಗಳನ್ನು ಸರಿಯಾಗಿ ಕಲಸಿರಲಿಲ್ಲ. ವರ್ಷದ ಕೊನೆಯ ತಿಂಗಳುಗಳಲ್ಲಿ ಹುಟ್ಟಿದವರ ದಿನಾಂಕಗಳು ಹೆಚ್ಚಾಗಿ ಮೊದಲೇ ಬಂದವು. ಮೊದಲು ಬಂದವರು ಮೊದಲು ಸೇನೆಗೆ. ಡಬ್ಬಿಯನ್ನು ಇನ್ನಷ್ಟು ಅಲುಗಾಡಿಸದ್ದಕ್ಕೆ ತೆತ್ತ ಬೆಲೆ ಅದು.

ಈಗ ನಮ್ಮ ಕ್ಲಾಸಿಗೆ ಬರೋಣ. ನಾವು ಬಳಸಿದ ಟೂಲ್ ನೂರಕ್ಕೆ ನೂರು ಸರಿಯೆಂದೇ ಇಟ್ಟುಕೊಳ್ಳೋಣ. ವಾತಾವರಣದ ಗದ್ದಲದಿಂದ ಸಂಖ್ಯೆ ಹೆಕ್ಕುವ ‘ರ‍್ಯಾಂಡಮ್ ಡಾಟ್ ಆರ್ಗ್’ನಂಥ ತಾಣವನ್ನೇ ಬಳಸಿದ್ದೆವು ಎಂದುಕೊಳ್ಳಿ. ಒಂದೇ ಸಲ ಒತ್ತಿದರೆ ಸಿ.ಆರ್.ಗೆ ಮೂರನೇ ದಿನ ಸಿಗುವ ಸಾಧ್ಯತೆ ಮೂರರಲ್ಲಿ ಒಂದು, ಅಂದರೆ ಶೇ 33. ಇಷ್ಟವಾಗದಿದ್ದರೆ ಎರಡನೇ ಸಲ ಒತ್ತಬಹುದು ಎಂದಾದರೆ ಅದು ಒಂಬತ್ತರಲ್ಲಿ ಐದು, ಸುಮಾರು ಶೇ 56. ಮೂರು ಸಲಕ್ಕೆ ಅವಕಾಶವಿದ್ದರೆ 27ರಲ್ಲಿ 19, ಸುಮಾರು ಶೇ 70. ಯಂತ್ರ ಒಂದು ಸಲವೂ ಸುಳ್ಳು ಹೇಳಿಲ್ಲ. ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಮನುಷ್ಯ ತೀರ್ಮಾನಿಸಿದ, ಅಷ್ಟೇ. ಬಟನ್ ಯಾರ ಕೈಯಲ್ಲಿದೆಯೋ, ಯಾರ ದನಿ ಜೋರಾಗಿದೆಯೋ ಅವರ ಕಡೆಗೆ ಪಟ್ಟಿ ವಾಲಿತು. ಕೊನೆಯ ಬೆಂಚಿನಲ್ಲಿ ಸುಮ್ಮನೆ ಕೂತಿದ್ದವಳು ಕಳೆದುಕೊಂಡಳು.

ಬಟನ್ ಒತ್ತುವ ಮೊದಲೇ ಆಗುವ ಇನ್ನೊಂದು ಬಗೆಯ ವಾಲಾಟವೂ ಇದೆ: ಪಟ್ಟಿಯಲ್ಲಿ ಯಾರಿದ್ದಾರೆ, ಎಷ್ಟು ಸಲ ಇದ್ದಾರೆ ಎಂಬುದು. ಎಂಜಿನಿಯರಿಂಗ್ ಓದುವ ನಮ್ಮಲ್ಲಿ ಬಹಳ ಜನ ಕಣ್ಣಿಟ್ಟಿರುವ ಎಚ್–1ಬಿ ವೀಸಾವನ್ನೇ ನೋಡಿ. ವರ್ಷಕ್ಕೆ 65,000, ಜೊತೆಗೆ ಅಮೆರಿಕದಲ್ಲೇ ಉನ್ನತ ಪದವಿ ಪಡೆದವರಿಗೆ 20,000. ಬೇಡಿಕೆ ಹೆಚ್ಚಿರುವುದರಿಂದ ಲಾಟರಿ. 2023ರ ಲಾಟರಿಗೆ 7.5 ಲಕ್ಷಕ್ಕೂ ಹೆಚ್ಚು ನೋಂದಣಿಗಳು ಬಂದವು. ಅವುಗಳಲ್ಲಿ 4 ಲಕ್ಷಕ್ಕೂ ಹೆಚ್ಚು, ಒಂದಕ್ಕಿಂತ ಹೆಚ್ಚು ಸಲ ನೋಂದಣಿಯಾಗಿದ್ದ ವ್ಯಕ್ತಿಗಳವು. ಒಬ್ಬನದೇ ಹೆಸರಿನ ನಾಲ್ಕೈದು ಚೀಟಿ ಡಬ್ಬಿಯಲ್ಲಿದ್ದರೆ ಎಷ್ಟು ಚೆನ್ನಾಗಿ ಕಲಸಿದರೇನು? ಮರುವರ್ಷದಿಂದ ಎಷ್ಟು ಕಂಪನಿಗಳು ಹೆಸರು ಕೊಟ್ಟರೂ ಒಬ್ಬರಿಗೆ ಒಂದೇ ಚೀಟಿ ಎಂಬ ನಿಯಮ ತಂದರು. 2025ರ ಡಿಸೆಂಬರ್‌ನಲ್ಲಿ ಪ್ರಕಟವಾದ ಹೊಸ ನಿಯಮ ಮತ್ತೆ ಚೀಟಿಗಳ ಲೆಕ್ಕ ಬದಲಿಸಿದೆ. ವೇತನದ ನಾಲ್ಕು ಮಟ್ಟಗಳಲ್ಲಿ ಅತಿ ಮೇಲಿನವರ ಹೆಸರು ನಾಲ್ಕು ಸಲ, ಅತಿ ಕೆಳಗಿನವರದ್ದು ಒಂದೇ ಸಲ. ಆಗಷ್ಟೇ ಓದು ಮುಗಿಸಿ ಕೆಲಸಕ್ಕೆ ಸೇರುವವರು ಹೆಚ್ಚಾಗಿ ಈ ಕೆಳಗಿನ ಮಟ್ಟದವರು. ನನಗೆ ಈ ನಿಯಮ ಇಷ್ಟವಿಲ್ಲ. ಆದರೆ ಒಂದು ಮಾತು ಒಪ್ಪಬೇಕು: ಎರಡನೆಯದು ಎಲ್ಲರಿಗೂ ಗೊತ್ತಿರುವಂತೆ ಬರೆದಿಟ್ಟ ಅಸಮಾನತೆ. ಅದನ್ನು ಪ್ರಶ್ನಿಸಬಹುದು, ವಾದಿಸಬಹುದು. ಹಿಂದೆ ನಡೆದದ್ದು ಡಬ್ಬಿಯೊಳಗೆ ಸದ್ದಿಲ್ಲದೆ ತುಂಬಿದ ಚೀಟಿಗಳು.

ನಮ್ಮ ರಾಜ್ಯದ ಉದಾಹರಣೆ ಇನ್ನೂ ಹತ್ತಿರದ್ದು. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಖಾಸಗಿ ಶಾಲೆಗಳ ಆರಂಭಿಕ ತರಗತಿಯ ಶೇ 25ರಷ್ಟು ಸೀಟುಗಳು ಬಡ ಮತ್ತು ಹಿಂದುಳಿದ ಕುಟುಂಬಗಳ ಮಕ್ಕಳಿಗೆ. ಹಂಚಿಕೆ ಆನ್‌ಲೈನ್ ಲಾಟರಿಯಲ್ಲಿ. 2019ರಲ್ಲಿ ರಾಜ್ಯ ಸರ್ಕಾರ ನಿಯಮ ತಿದ್ದಿ, ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಅಲ್ಲಿನ ಅನುದಾನರಹಿತ ಖಾಸಗಿ ಶಾಲೆಗಳಿಗೆ ಈ ಹೊಣೆ ಇಲ್ಲ ಎಂದಿತು. ಸರ್ಕಾರಿ ಶಾಲೆ ಉಳಿಸಲು ಇದು ಬೇಕಿತ್ತು ಎನ್ನುವವರೂ ಇದ್ದಾರೆ, ಬಡ ಮಕ್ಕಳ ಅವಕಾಶ ಕಸಿಯಿತು ಎನ್ನುವವರೂ ಇದ್ದಾರೆ. ನಾನು ಹೇಳಹೊರಟಿದ್ದು ಬೇರೆ. ಲಾಟರಿಯ ಸಾಫ್ಟ್‌ವೇರ್ ಬಗ್ಗೆ ನಾವು ಎಷ್ಟು ಚರ್ಚಿಸಿದರೂ, ನಿಜವಾದ ತೀರ್ಮಾನ ಆಗಿಹೋಗಿದ್ದು ಅದಕ್ಕೂ ಮೊದಲು, ಡಬ್ಬಿಯಲ್ಲಿ ಎಷ್ಟು ಸೀಟು ಇರಬೇಕು ಎಂಬಲ್ಲಿ.

ಹಾಗಾದರೆ ಸರಿಯಾದ ಶಫಲ್ ಹೇಗಿರಬೇಕು? ಮತ ಎಣಿಕೆಯ ದಿನ ನಡೆಯುವ ಒಂದು ಸಣ್ಣ ಕೆಲಸ ನನಗೆ ಬಹಳ ಹಿಡಿಸಿತು. 2019ರ ಏಪ್ರಿಲ್ 8ರ ಸುಪ್ರೀಂ ಕೋರ್ಟ್ ಆದೇಶದಂತೆ ಪ್ರತಿ ವಿಧಾನಸಭಾ ಕ್ಷೇತ್ರದ ಐದು ಮತಗಟ್ಟೆಗಳ ವಿವಿಪ್ಯಾಟ್ ಚೀಟಿಗಳನ್ನು ಎಣಿಸಿ ತಾಳೆ ನೋಡಬೇಕು. ಆ ಐದು ಯಾವುವು ಎಂದು ಆರಿಸಲು ಚುನಾವಣಾ ಆಯೋಗ ಸಾಫ್ಟ್‌ವೇರ್ ಬಳಸುವುದಿಲ್ಲ. ಪೋಸ್ಟ್‌ಕಾರ್ಡ್ ಗಾತ್ರದ ಬಿಳಿ ಕಾಗದಗಳ ಮೇಲೆ ಮತಗಟ್ಟೆಗಳ ಸಂಖ್ಯೆಯನ್ನು ದೊಡ್ಡದಾಗಿ ಬರೆದು, ಅಭ್ಯರ್ಥಿಗಳಿಗೆ ಅಥವಾ ಅವರ ಏಜೆಂಟರಿಗೆ ಒಂದೊಂದಾಗಿ ತೋರಿಸಿ, ನಾಲ್ಕು ಮಡಿಕೆ ಮಾಡಿ ಡಬ್ಬಿಗೆ ಹಾಕಿ, ಅಲುಗಾಡಿಸಿ ಎತ್ತುತ್ತಾರೆ. ಸೋಲುವ ಭಯವಿರುವವನ ಎದುರಲ್ಲೇ ಇಡೀ ಕೆಲಸ ನಡೆಯುತ್ತದೆ. ಇತ್ತ ಯಾವ ಮತಯಂತ್ರ ಯಾವ ಮತಗಟ್ಟೆಗೆ ಎಂಬುದನ್ನು ಕಂಪ್ಯೂಟರ್ ಮೂಲಕವೇ ಎರಡು ಹಂತಗಳಲ್ಲಿ ಕಲಸುತ್ತಾರೆ. ಅಲ್ಲೂ ಪಕ್ಷಗಳ, ಅಭ್ಯರ್ಥಿಗಳ ಕಡೆಯವರನ್ನು ಕರೆದು ಪಟ್ಟಿ ಕೊಡುತ್ತಾರೆ. ಕಾಗದವೋ ಕಂಪ್ಯೂಟರೋ ಎಂಬುದಕ್ಕಿಂತ ಸಾಕ್ಷಿ ಇದೆಯೇ ಎಂಬುದು ಮುಖ್ಯ.

ಎಲ್ಲರನ್ನೂ ಒಂದೇ ಕೋಣೆಗೆ ಕರೆಯಲಾಗದಿದ್ದರೆ? ಅದಕ್ಕೂ ದಾರಿ ಇದೆ. ಇಂಟರ್‌ನೆಟ್‌ನ ತಾಂತ್ರಿಕ ಮಾನದಂಡ ರೂಪಿಸುವ ‘ಇಂಟರ್‌ನೆಟ್ ಎಂಜಿನಿಯರಿಂಗ್ ಟಾಸ್ಕ್ ಫೋರ್ಸ್’ ತನ್ನ ಒಂದು ಸಮಿತಿಗೆ ಸದಸ್ಯರನ್ನು ಆರಿಸಲು 2004ರಲ್ಲಿ ವಿಧಾನವೊಂದನ್ನು ಬರೆದಿಟ್ಟಿತು. ಮೊದಲು ಕ್ರಮಸಂಖ್ಯೆ ಸಹಿತ ಪಟ್ಟಿ ಪ್ರಕಟಿಸು. ಮುಂದೊಂದು ದಿನ ಹೊರಬರಲಿರುವ, ಯಾರೂ ಊಹಿಸಲಾಗದ ಸಾರ್ವಜನಿಕ ಸಂಖ್ಯೆಗಳನ್ನು ಬೀಜವಾಗಿ ಬಳಸುತ್ತೇನೆ ಎಂದು ಮೊದಲೇ ಘೋಷಿಸು. ಸಂಖ್ಯೆ ಬಂದ ಮೇಲೆ ಅದೇ ಪ್ರೋಗ್ರಾಂ ಅನ್ನು ಯಾರು ಬೇಕಾದರೂ ತಮ್ಮ ಕಂಪ್ಯೂಟರಿನಲ್ಲಿ ಓಡಿಸಿ ನೋಡಬಹುದು, ಎಲ್ಲರಿಗೂ ಅದೇ ಉತ್ತರ ಬರಬೇಕು. ನಿವೇಶನ ಹಂಚಿಕೆಗೋ ಶಾಲಾ ಸೀಟಿಗೋ ಇದನ್ನು ಬಳಸಲು ಏನಡ್ಡಿ? ‘ನಾಳೆ ಸಂಜೆಯ ಸೆನ್ಸೆಕ್ಸ್ ಮುಕ್ತಾಯದ ಅಂಕಿಯೇ ಬೀಜ’ ಎಂದು ಇಂದೇ ಪ್ರಕಟಣೆ ಹೊರಡಿಸಿದರೆ ಸಾಕು. ಖರ್ಚು ಇಲ್ಲವೆಂದೇ ಹೇಳಬೇಕು. ಆಮೇಲೆ ‘ಒಳಗಡೆ ಏನು ಮಾಡಿದರೋ’ ಎಂದು ಯಾವ ತಾಯಿಯೂ ಅನುಮಾನಿಸಬೇಕಿಲ್ಲ. ಬೇಕಿದ್ದರೆ ನಮ್ಮಂಥ ಒಬ್ಬ ವಿದ್ಯಾರ್ಥಿ ಹತ್ತು ನಿಮಿಷದಲ್ಲಿ ಲೆಕ್ಕ ಹಾಕಿ ತೋರಿಸುತ್ತಾನೆ.

ಇಷ್ಟೆಲ್ಲ ಓದಿದ ಮೇಲೆ ನನಗೆ ಉಳಿದಿದ್ದು ಮೂರು ಪ್ರಶ್ನೆ. ನಾಳೆ ನಿಮ್ಮ ಹೆಸರು ಯಾವುದೇ ಲಾಟರಿಗೆ ಹೋದರೂ ಕೇಳಿ. ಪಟ್ಟಿ ಮೊದಲೇ ಪ್ರಕಟವಾಗಿದೆಯೇ? ಎಷ್ಟು ಸಲ ಒತ್ತುತ್ತೇವೆ ಎಂಬುದು ಮೊದಲೇ ತೀರ್ಮಾನವಾಗಿದೆಯೇ? ಸೋತವನು ಆಮೇಲೆ ತಾನೇ ಪರೀಕ್ಷಿಸಿ ನೋಡಬಹುದೇ? ಮೂರಕ್ಕೂ ಹೌದು ಎಂಬ ಉತ್ತರ ಸಿಗದಿದ್ದರೆ, ‘ರ‍್ಯಾಂಡಮ್ ಆಗಿ ಬಂದಿದ್ದು’ ಎಂಬ ಮಾತಿಗೆ ತೂಕವಿಲ್ಲ.

ಈ ಸೆಮಿಸ್ಟರ್‌ನಲ್ಲಿ ಲ್ಯಾಬ್ ವೈವಾಕ್ಕೆ ಮತ್ತೆ ಪಟ್ಟಿ ಮಾಡಬೇಕಾಯಿತು. ನಾನು ಎದ್ದು ನಿಂತು ಎರಡು ಮಾತು ಹೇಳಿದೆ. ಟೆಸ್ಟ್, ಆಸ್ಪತ್ರೆ ಇತ್ಯಾದಿ ಕಾರಣವಿರುವವರು ಮೊದಲು ಹೇಳಿ ದಿನ ಆರಿಸಿಕೊಳ್ಳಲಿ. ಉಳಿದವರ ಹೆಸರು ಹಾಕಿ ಒಂದೇ ಸಲ ಒತ್ತೋಣ, ಬಂದಿದ್ದೇ ಅಂತಿಮ. ಎಲ್ಲರೂ ಒಪ್ಪಿದರು. ಕಳೆದ ಸಲದ ವಿಷಯಕ್ಕೆ ಆ ಗೆಳತಿಯ ಹತ್ತಿರ ಕ್ಷಮೆಯನ್ನೂ ಕೇಳಿದೆ. ‘ಹೋಗ್ಲಿ ಬಿಡೋ’ ಎಂದಳು. ಹೋದ ಟೆಸ್ಟ್ ಅಂತೂ ವಾಪಸ್ ಬರಲಿಲ್ಲ.

ಸಿ.ಆರ್. ಬಟನ್ ಒತ್ತಿದ. ನನ್ನ ಹೆಸರು ಎರಡನೆಯದು. ಪಕ್ಕದಲ್ಲಿದ್ದವನು ನನ್ನ ಮುಖ ನೋಡಿ ನಗುತ್ತಾ, ‘ಇನ್ನೊಂದ್ಸಲ ಒತ್ತೋಣವಾ ಮಗಾ?’ ಎಂದ. ಹೂಂ ಎನ್ನುವ ಆಸೆ ಬಾಯಿ ತನಕ ಬಂದಿತ್ತು. ಬೇಡ ಎಂದು ರೆಕಾರ್ಡ್ ಪುಸ್ತಕ ತೆಗೆದು ಓದಲು ಕೂತೆ.