ದಾನದ ಲೆಕ್ಕಕ್ಕೆ ಕಾಲದೃಷ್ಟಿ ಬೇಡವೆ?

ಯಾವುದೇ ವಸ್ತುವನ್ನು ದ್ರವ್ಯ, ಕ್ಷೇತ್ರ, ಕಾಲ, ಭಾವಗಳೆಂಬ ನಾಲ್ಕು ಅಪೇಕ್ಷೆಗಳಿಂದ ಪರಿಶೀಲಿಸದೆ ಅದರ ಸ್ವರೂಪವನ್ನು ನಿರ್ಣಯಿಸಬಾರದೆಂಬುದು ಸ್ಯಾದ್ವಾದದ ಬೋಧೆ. ಪ್ರವಚನದಲ್ಲಿ ಇದನ್ನು ಕೇಳಿ ತಲೆದೂಗುವ ವಿಶ್ವಸ್ತರನೇಕರು ವಿದ್ಯಾರ್ಥಿವೇತನದ ಅಥವಾ ಔಷಧಸಹಾಯದ ಅರ್ಜಿ ಎದುರಿಗೆ ಬಂದೊಡನೆ ಕಾಲವನ್ನೇ ಮರೆಯುತ್ತಾರೆ. ಆದಾಯ ಪ್ರಮಾಣಪತ್ರದಲ್ಲಿನ ಅಂಕಿಯೇ ಅರ್ಜಿದಾರನ ನಿತ್ಯಸ್ವರೂಪವೆಂದು ನಂಬುತ್ತಾರೆ. ಇದು ಏಕಾಂತವಾದವಲ್ಲದೆ ಮತ್ತೇನು?

ತಹಶೀಲ್ದಾರರು ನೀಡುವ ಆ ಪತ್ರಕ್ಕೆ ಐದು ವರ್ಷಗಳ ಮಾನ್ಯತೆಯುಂಟು. ಬಡವನ ಗಳಿಕೆಗೆ ಐದು ತಿಂಗಳ ಸ್ಥಿರತೆಯೂ ಇಲ್ಲ. ಗುಬ್ಬಿಯಲ್ಲಿ ಅಡಕೆ ಸುಲಿಯುವವರಿಗೆ ಕೊಯ್ಲಿನ ಕಾಲದಲ್ಲಿ ಕೈತುಂಬ ಕೆಲಸ, ಅನಂತರ ಬರಿಗೈ. ಕುಣಿಗಲ್ಲಿನ ಬಟ್ಟೆಯಂಗಡಿಯ ಗುಮಾಸ್ತನಿಗೆ ಲಗ್ನದ ದಿನಗಳಲ್ಲಿ ದೊರೆತ ಹೆಚ್ಚುವರಿ ಹಣ ಆಷಾಢದಲ್ಲಿ ದೊರೆಯದು. ತುಮಕೂರಿನ ವಸಂತನರಸಾಪುರದ ಕಾರ್ಖಾನೆಯ ಗುತ್ತಿಗೆ ಕಾರ್ಮಿಕನಿಗೆ ಒಂದು ತಿಂಗಳು ಓವರ್‌ಟೈಮ್ ದೊರೆತರೆ ಇನ್ನೊಂದು ತಿಂಗಳು ಕೆಲಸವೇ ಇಲ್ಲದಿರಬಹುದು. ತನ್ನ ಅಂಗಡಿಯ ಶಿಲ್ಕನ್ನು ಪ್ರತಿ ಸಂಜೆ ಎಣಿಸುವ ವ್ಯಾಪಾರಿ, ನೆರೆಯವನ ಬಡತನಕ್ಕೆ ಮಾತ್ರ ಮೂರು ವರ್ಷದ ಹಿಂದಿನ ಕಾಗದವನ್ನು ಒಪ್ಪುವುದು ಯಾವ ನ್ಯಾಯ?

ಸರ್ಕಾರದ ಮಿತಿಗಳನ್ನೇ ಬಸದಿಗಳೂ ಅನುಸರಿಸಲೆಂಬ ವಾದವುಂಟು. ಕರ್ನಾಟಕದ ಬಿಪಿಎಲ್ ಕಾರ್ಡಿಗೆ ಗೊತ್ತುಪಡಿಸಿದ ವಾರ್ಷಿಕ ಆದಾಯಮಿತಿ 1.20 ಲಕ್ಷ ರೂಪಾಯಿ. ದಿನಕ್ಕೆ 400 ರೂಪಾಯಿಯಂತೆ 300 ದಿನ ದುಡಿದವನು ಆ ಗೆರೆಯನ್ನು ಮುಟ್ಟುತ್ತಾನೆ. ರಾಜ್ಯದಲ್ಲಿ ಉದ್ಯೋಗ ಖಾತರಿಯ ದಿನಗೂಲಿ 2023-24ರಲ್ಲಿ 316 ರೂಪಾಯಿಯಿದ್ದುದು 2025-26ರಲ್ಲಿ 370 ಆಯಿತು. ಅಲ್ಪಸಂಖ್ಯಾತರ ಮೆಟ್ರಿಕ್‌ಪೂರ್ವ ವಿದ್ಯಾರ್ಥಿವೇತನಕ್ಕೆ 2008ರಲ್ಲಿ ನಿಗದಿಯಾದ ಒಂದು ಲಕ್ಷದ ಮಿತಿ ಮಾತ್ರ 2021-22ರಲ್ಲಿಯೂ ಕದಲಿರಲಿಲ್ಲ. ಕೂಲಿ ಏರಿತು, ಬೆಲೆಯೂ ಏರಿತು. ಗೆರೆ ಇದ್ದಲ್ಲಿಯೇ ಇತ್ತು. ಇಂತಹ ಗೆರೆಯನ್ನು ದಾಟಿದವನ ಬಡತನ ಕಳೆಯಿತೆಂದು ಹೇಳಲಾದೀತೆ? ಏರಿದ ಕೂಲಿ ಲೆಕ್ಕಕ್ಕೆ ಬರುತ್ತದೆ. ತಾಯಿಯ ಡಯಾಲಿಸಿಸ್, ಮಗಳ ಶಾಲಾಶುಲ್ಕ, ಮನೆಬಾಡಿಗೆಗಳು ಬರುವುದಿಲ್ಲ.

ಪ್ರತಿ ತಿಂಗಳೂ ಯಂತ್ರದಂತೆ ಎಣಿಸುವುದೂ ಪರಿಹಾರವಲ್ಲ. ಬ್ರಿಟನ್ನಿನಲ್ಲಿ ಯೂನಿವರ್ಸಲ್ ಕ್ರೆಡಿಟ್ ಎಂಬ ಸಹಾಯಧನವನ್ನು ಮಾಸಿಕ ಗಳಿಕೆಯ ಮೇಲೆ ನಿರ್ಧರಿಸುತ್ತಾರೆ. ಒಂದೇ ಲೆಕ್ಕಾವಧಿಯಲ್ಲಿ ಎರಡು ಸಂಬಳಗಳು ಜಮೆಯಾದುದರಿಂದ ನಷ್ಟವನ್ನನುಭವಿಸಿದ ನಾಲ್ವರು ತಾಯಂದಿರು ನ್ಯಾಯಾಲಯಕ್ಕೆ ಹೋದರು. ಆ ಲೆಕ್ಕಕ್ರಮ ಅವಿವೇಕದ್ದೆಂದು ಮೇಲ್ಮನವಿ ನ್ಯಾಯಾಲಯ 2020ರಲ್ಲಿ ತೀರ್ಪಿತ್ತಿತು. ಆದರೂ ಆ ಪದ್ಧತಿಯಲ್ಲಿ ಒಂದು ಗುಣವುಂಟು: ಗಳಿಕೆ ಹೆಚ್ಚಿದಂತೆ ನೆರವು ಒಮ್ಮೆಲೇ ನಿಲ್ಲದೆ ಕ್ರಮೇಣ ಇಳಿಯುತ್ತದೆ.

ಅರ್ಜಿದಾರರು ಗಳಿಕೆಯನ್ನು ಮರೆಮಾಚುತ್ತಾರೆಂಬುದು ವಿಶ್ವಸ್ತರ ಮುಖ್ಯ ಆಕ್ಷೇಪ. ಮರೆಮಾಚುವುದು ಸತ್ಯಾಣುವ್ರತದ ಭಂಗವೇ ಸರಿ, ಅದಕ್ಕೆ ಕ್ಷಮೆಯಿಲ್ಲ. ಆದರೆ ನೂರು ರೂಪಾಯಿ ಹೆಚ್ಚು ಗಳಿಸಿದುದಕ್ಕೆ ಮಗುವಿನ ಶುಲ್ಕವನ್ನೆಲ್ಲ ನಿಲ್ಲಿಸುವ ನಿಯಮ ಸುಳ್ಳಿಗೆ ಪ್ರೇರಣೆಯಲ್ಲವೆ? ಕೃತ, ಕಾರಿತ, ಅನುಮೋದಿತ ಎಂಬ ಮೂರು ಬಗೆಯಿಂದಲೂ ದೋಷ ತಗಲುತ್ತದೆಂದು ಧರ್ಮ ಹೇಳುತ್ತದೆ. ಸುಳ್ಳಾಡಿದವನದು ಕೃತ, ಆಡಿಸಿದ ನಿಯಮಕರ್ತನದು ಕಾರಿತ, ಸಭೆಯಲ್ಲಿ ಸುಮ್ಮನೆ ಕೈಯೆತ್ತಿದವರದು ಅನುಮೋದಿತ.

ಮಾಡಬೇಕಾದುದು ಕಠಿಣವೇನಲ್ಲ. ಮೂರು ತಿಂಗಳಿಗೊಮ್ಮೆ ಅರ್ಜಿದಾರನಿಂದ ಒಂದು ಪುಟದ ಆಯವ್ಯಯ ವಿವರ ಪಡೆಯಲಿ. ಮೂರು ತಿಂಗಳ ಗಳಿಕೆಯ ಸರಾಸರಿ ಹಿಡಿಯಲಿ. ಅನಿವಾರ್ಯ ಖರ್ಚನ್ನು ಕಳೆದು ಉಳಿದುದನ್ನು ಆದಾಯವೆನ್ನಲಿ. ಗಳಿಕೆ ಏರಿದರೆ ನೆರವನ್ನು ಹಂತಹಂತವಾಗಿ ಇಳಿಸಲಿ. ಗಳಿಕೆ ಕುಸಿದರೆ ಮುಂದಿನ ಸಭೆಗೆ ಕಾಯದೆ ಹೆಚ್ಚಿಸಲಿ. ಪ್ರಾಮಾಣಿಕವಾಗಿ ತಿಳಿಸಿದವನಿಂದ ಹಿಂದೆ ಕೊಟ್ಟುದನ್ನು ಮರಳಿ ಕೇಳದಿರಲಿ. ಪಡೆದವರ ಹೆಸರನ್ನು ಬಸದಿಯ ಫಲಕದಲ್ಲಿ ಬರೆಯದಿರಲಿ.

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬುವು ಚತುರ್ವಿಧ ದಾನಗಳು. ಮುಂದಿನ ತಿಂಗಳು ನೆರವು ನಿಲ್ಲುವುದೋ ಎಂಬ ಭಯದಲ್ಲಿ ಕುಟುಂಬವನ್ನಿರಿಸಿ ಕೊಡುವ ಔಷಧದಲ್ಲಿ ಅಭಯವಿಲ್ಲ. ಅಭಯವಿಲ್ಲದ ದಾನ ಲೆಕ್ಕಪುಸ್ತಕದ ಖರ್ಚಷ್ಟೇ ಹೊರತು ಧರ್ಮವಲ್ಲ.